ಹೊತ್ತಿಗೆ ದಾಟಿದರೆ ಸಾಕೇ?

ಒಂದು ಆಚರಣೆಯ ಪರಂಪರೆ ಬೇರೆ ನಾಡಿನಲ್ಲಿ ಬೇರೂರಲು ಅದರ ಗ್ರಂಥ ಹೋದರೆ ಸಾಕೇ? ಸಾಲದು ಎಂಬುದಕ್ಕೆ ಎಂಟನೇ ಶತಮಾನದ ಚೀನಾ ಸಾಕ್ಷಿ. 716ರಲ್ಲಿ ಚೀನಾದ ರಾಜಧಾನಿ ಛಾಂಗಾನ್ ತಲುಪಿದ ಭಾರತದ ಬೌದ್ಧ ಗುರು ಶುಭಕರಸಿಂಹ ತಂತ್ರಮಾರ್ಗದ ಮಹಾವೈರೋಚನ ಸೂತ್ರವನ್ನು ಶಿಷ್ಯ ಯಿಶಿಂಗ್‌ನ ನೆರವಿನಿಂದ ಚೀನೀ ಭಾಷೆಗೆ ತಂದ. ದಕ್ಷಿಣ ಭಾರತದಿಂದ ಕಡಲ ದಾರಿಯಲ್ಲಿ ಬಂದ ವಜ್ರಬೋಧಿ, ಅವನ ಶಿಷ್ಯ ಅಮೋಘವಜ್ರ ಆ ಕೆಲಸವನ್ನು ಮುಂದುವರಿಸಿದರು. ಉಪದೇಶವನ್ನು ಅವರು ಚೀನೀಯಲ್ಲಿ ಹೇಳಿದರು. ಮಂತ್ರ, ಧಾರಣಿಗಳ ಉಚ್ಚಾರವನ್ನು ಮಾತ್ರ ಹಾಗೆಯೇ ಉಳಿಸಿ ಚೀನೀ ಅಕ್ಷರಗಳಲ್ಲಿ ಬರೆಸಿದರು. ಆ ಅಕ್ಷರಗಳಲ್ಲಿ ಸಂಸ್ಕೃತದ ಒತ್ತು, ದೀರ್ಘಗಳು ನೇರವಾಗಿ ಕೂರುವುದಿಲ್ಲ. ಬಾಯಿಂದ ಕಿವಿಗೆ ಹೇಳಿಕೊಡುವವರು ಬೇಕೇ ಬೇಕಾಯಿತು. ಮುದ್ರೆಯಲ್ಲಿ ಯಾವ ಬೆರಳನ್ನು ಹೇಗೆ ಮಡಿಸಬೇಕು ಎಂಬುದನ್ನೂ ಗುರುವಿನ ಕೈ ನೋಡಿಯೇ ಕಲಿಯಬೇಕಿತ್ತು. ಅಭಿಷೇಕ ಎಂಬ ದೀಕ್ಷೆಯ ಹೊತ್ತಿಗೆ ಶಿಷ್ಯನ ಕಣ್ಣಿಗೆ ಬಟ್ಟೆ ಕಟ್ಟಿ ಮಂಡಲದ ಮೇಲೆ ಹೂವು ಎಸೆಯಲು ಹೇಳುತ್ತಿದ್ದರು. ಹೂವು ಯಾವ ದೇವತೆಯ ಮೇಲೆ ಬಿತ್ತೋ ಆ ದೇವತೆಯ ಉಪಾಸನೆ ಅವನದು. ಇದನ್ನು ಓದಿ ತಿಳಿಯಬಹುದು, ಓದಿ ಪಡೆಯಲಾಗದು.

741ರಲ್ಲಿ ಗುರು ವಜ್ರಬೋಧಿ ತೀರಿಕೊಂಡ ಮೇಲೆ ಅಮೋಘವಜ್ರ ಗ್ರಂಥಗಳಿಗಾಗಿಯೇ ಸಿಂಹಳಕ್ಕೆ ಹೋದನಲ್ಲ ಎಂದು ಯಾರಾದರೂ ಕೇಳಬಹುದು. ಹೋದದ್ದು ನಿಜ, ಆದರೆ ಅಲ್ಲಿ ಗ್ರಂಥಗಳ ಜೊತೆಗೆ ಅಭಿಷೇಕವನ್ನೂ ಪಡೆದನೆಂದು ಅವನ ಚರಿತ್ರೆ ಹೇಳುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. 845ರಲ್ಲಿ ಚಕ್ರವರ್ತಿ ವೂಜುಂಗ್ ಸಾವಿರಾರು ವಿಹಾರಗಳನ್ನು ಕೆಡವಿಸಿದಾಗ ಗುರುಪರಂಪರೆ ಸೊರಗಿತು, ಹೊತ್ತಿಗೆಗಳು ಉಳಿದುಕೊಂಡವು. ಹಾಗಾದರೆ ಗೆದ್ದದ್ದು ಹೊತ್ತಿಗೆಯೇ ತಾನೇ? ಉಳಿದದ್ದು ಹೊತ್ತಿಗೆ, ಒಪ್ಪೋಣ. ಆಚರಣೆ ಮಾತ್ರ ಎಡೆಬಿಡದೆ ನಡೆದುಬಂದದ್ದು ಜಪಾನಿನಲ್ಲಿ. 805ರಲ್ಲಿ ಛಾಂಗಾನಿನಲ್ಲಿ ಅಮೋಘವಜ್ರನ ಶಿಷ್ಯ ಹುಯಿಗುವೋನಿಂದ ಅಭಿಷೇಕ ಪಡೆದ ಜಪಾನಿ ಭಿಕ್ಷು ಕೂಕಾಯ್, ಸೂತ್ರಗಳ ಜೊತೆಗೆ ಮಂಡಲದ ಪಟಗಳನ್ನೂ ಪೂಜೆಯ ಉಪಕರಣಗಳನ್ನೂ ಊರಿಗೆ ಒಯ್ದಿದ್ದ.

ಮಳವಳ್ಳಿ ಸೀಮೆಯವರಿಗೆ ಇದು ದೂರದ ಮಾತಲ್ಲ. ಅಲ್ಲಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠವಿದೆ; ಆ ಪರಂಪರೆಯ ನೀಲಗಾರರು ದೀಕ್ಷೆ ಪಡೆದು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವವರು. ಜೀ.ಶಂ. ಪರಮಶಿವಯ್ಯ, ಹಿ.ಚಿ. ಬೋರಲಿಂಗಯ್ಯ ಮುಂತಾದವರು ಮಂಟೇಸ್ವಾಮಿ ಕಾವ್ಯವನ್ನು ಬರಹಕ್ಕಿಳಿಸಿ ದೊಡ್ಡ ಉಪಕಾರ ಮಾಡಿದ್ದಾರೆ. ಆದರೂ ರಾತ್ರಿಯಿಡೀ ಸಾಲಿನ ಮೇಲೆ ಸಾಲು ಹಾಡುವಾಗ ಎಲ್ಲಿ ಹಾಡು ನಿಂತು ಮಾತು ಶುರುವಾಗಬೇಕು, ಹಿಮ್ಮೇಳ ಯಾವ ನುಡಿಗೆ ದನಿ ಕೂಡಿಸಬೇಕು ಎಂಬುದು ಹಿರಿಯ ನೀಲಗಾರನ ಪಕ್ಕ ಕೂತವನಿಗಷ್ಟೇ ದಕ್ಕುತ್ತದೆ. ದೀಕ್ಷೆಯ ಕಟ್ಟು ಬಿಗಿಯಾದಷ್ಟೂ ಕಲಿಯುವವರು ಕಡಿಮೆಯಾಗುತ್ತಾರೆ ಎಂಬ ಆತಂಕ ಸುಳ್ಳಲ್ಲ; ಅದಕ್ಕೇ ಪುಸ್ತಕವೂ ಬೇಕು. ಆದರೆ ಮುದ್ರಣಕ್ಕೆ, ಧ್ವನಿಮುದ್ರಣಕ್ಕೆ ಕೊಡುವ ಹಣದಷ್ಟನ್ನೇ ನಮ್ಮ ಅಕಾಡೆಮಿ, ವಿಶ್ವವಿದ್ಯಾಲಯಗಳು ಹಿರಿಯ ನೀಲಗಾರರಿಗೂ ಅವರ ಬಳಿ ಕಲಿಯುವ ಹುಡುಗರಿಗೂ ಕೊಡಲಿ, ಆ ಹಿರಿಯರು ಹಾಡುತ್ತಿರುವಾಗಲೇ ಕೊಡಲಿ.