ಹಳೆಯ ಟಿಲ್ಲರ್ ಗುಜರಿಯಲ್ಲ
ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಾಗ ಸಂಭ್ರಮಿಸಿದವರು ನಾವು. ಅದೇ ನಾವು ಕೊಟ್ಟಿಗೆಯ ಹಳೆಯ ಟಿಲ್ಲರನ್ನು ತೂಕಕ್ಕೆ ಮಾರಿ, ಸಾಲ ಮಾಡಿ ಹೊಸತನ್ನು ತರುತ್ತೇವೆ. ಹೊಸ ಯಂತ್ರದ ಕಬ್ಬಿಣವೇನು ಆಕಾಶದಿಂದ ಉದುರುವುದೇ?

1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಶಿಯ ಸಹಯೋಗದಿಂದ ತಯಾರಿಸಿದ ಟಿಲ್ಲರುಗಳದು ಸರಳ ರಚನೆ: ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಕೈಯಿಂದ ತಿರುಗಿಸುವ ಹ್ಯಾಂಡಲ್, ಬೆಲ್ಟು. ಪಿಸ್ಟನ್ ರಿಂಗ್ ಸವೆದರೂ ನಾಜಲ್ ಕಟ್ಟಿದರೂ ಪೇಟೆಯ ಮೆಕ್ಯಾನಿಕ್ ಸರಿಪಡಿಸಬಲ್ಲ. (ಹಳೆಯದನ್ನು ಕೊಳ್ಳುವವರು ಗೇರ್‌ಪೆಟ್ಟಿಗೆಯ ಎಣ್ಣೆಯನ್ನು ನೋಡಿರಿ, ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದೇ ಅರ್ಥ.)

ಸರ್ಕಾರದ ಸಹಾಯಧನ ಹೊಸ ಯಂತ್ರದ ಖರೀದಿಗೆ. ಹಳೆಯದರ ಬೇರಿಂಗಿಗೆ ರೈತನದೇ ಜೇಬು. ಇದು ರೈತನಿಗಿಂತ ಮಾರಾಟಗಾರನಿಗೆ ಸಲ್ಲುವ ನೆರವು. ದುರಸ್ತಿಗೂ ಸಹಾಯಧನ ಬೇಕೆಂದು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸೋಣ.