ತುಂಬಿದ ಫಾರಂ ಎಲ್ಲಿ ಹೋಯಿತು?

ಹಳ್ಳಿಗಳಲ್ಲಿ ವರದಿಗೆಂದು ಓಡಾಡುವ ನಮಗೆ ಅಂಗನವಾಡಿ, ಆಶಾ ಕಾರ್ಯಕರ್ತೆಯರು ಹೇಳುವ ದೂರೊಂದಿದೆ. ಮೊಬೈಲಿನಲ್ಲಿ ಅರ್ಧ ಗಂಟೆ ಕೂತು ಫಾರಂ ತುಂಬಿ, ಫೋಟೋ ತೆಗೆಯಲು ಕ್ಯಾಮೆರಾ ತೆರೆದರೆ, ವಾಪಸ್ ಬರುವಷ್ಟರಲ್ಲಿ ಫಾರಂ ಖಾಲಿ. ಇದಕ್ಕೆ ಅವರಿಗೆ ಸಿಗುವ ಉತ್ತರ, ಫೋನ್ ಬಳಸಲು ಬರುವುದಿಲ್ಲ ಎಂಬುದು. ಆ ಉತ್ತರವನ್ನು ನಾವು ಒಪ್ಪುವುದಿಲ್ಲ.

ಫೋನಿನೊಳಗೆ ಎರಡು ಬಗೆಯ ಜಾಗವಿದೆ. ರ‍್ಯಾಮ್ ಸ್ಲೇಟಿದ್ದಂತೆ, ಬರೆದದ್ದು ಒರೆಸಿಹೋಗುತ್ತದೆ. ಫ್ಲ್ಯಾಶ್ ಸ್ಟೋರೇಜ್ ರಿಜಿಸ್ಟರ್ ಪುಸ್ತಕದಂತೆ, ಬ್ಯಾಟರಿ ಸತ್ತರೂ ಬರೆದದ್ದು ಉಳಿಯುತ್ತದೆ. ನಾವು ಟೈಪ್ ಮಾಡಿದ್ದು ಮೊದಲು ಬೀಳುವುದು ಸ್ಲೇಟಿನ ಮೇಲೆ. ಅದನ್ನು ಪುಸ್ತಕಕ್ಕೆ ಇಳಿಸಬೇಕಾದದ್ದು ಆ್ಯಪ್. ಕ್ಯಾಮೆರಾಕ್ಕೆ ಹೆಚ್ಚು ರ‍್ಯಾಮ್ ಬೇಕು. 2 ಜಿಬಿ ರ‍್ಯಾಮಿನ ಫೋನಿನಲ್ಲಿ ಜಾಗ ಸಾಲದಿದ್ದರೆ ಆಂಡ್ರಾಯ್ಡ್, ಹಿಂದೆ ಸರಿದ ಆ್ಯಪನ್ನು ಹೇಳದೆ ಕೇಳದೆ ಮುಚ್ಚಿಬಿಡುತ್ತದೆ. ಫೋನ್ ಕೆಟ್ಟು ಹೀಗಾಗುವುದಲ್ಲ, ಅದರ ನಿಯಮವೇ ಹಾಗೆ. ಆ್ಯಪ್ ಬರೆಯುವವರಿಗೆ ಗೂಗಲ್ ಕೊಡುವ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ.

ಈ ಪಾಠ ಹಳೆಯದು. ಸ್ಮಾರ್ಟ್‌ಫೋನಿಗೂ ಮುಂಚೆ ಜನ ಅಂಗೈಯಲ್ಲಿ ಹಿಡಿಯುತ್ತಿದ್ದ ಪಾಮ್, ಪಾಕೆಟ್ ಪಿಸಿಗಳು ವಿಳಾಸ, ಟಿಪ್ಪಣಿಗಳನ್ನೆಲ್ಲ ರ‍್ಯಾಮಿನಲ್ಲೇ ಇಡುತ್ತಿದ್ದವು. ಬ್ಯಾಟರಿ ಪೂರ್ತಿ ಇಳಿದರೆ ಎಲ್ಲವೂ ಮಾಯ. ಪಾಮ್ 2004ರಲ್ಲಿ ಟಂಗ್‌ಸ್ಟನ್ ಟಿ5 ಮೂಲಕ, ಮೈಕ್ರೋಸಾಫ್ಟ್ 2005ರಲ್ಲಿ ವಿಂಡೋಸ್ ಮೊಬೈಲ್ 5.0 ಮೂಲಕ ಮಾಹಿತಿಯನ್ನು ಫ್ಲ್ಯಾಶ್‌ಗೆ ಸಾಗಿಸಿದವು. ಅಂದರೆ ಕಂಪನಿಗಳು ಯಂತ್ರವನ್ನೇ ತಿದ್ದಿದವು.

ಹೆಚ್ಚು ರ‍್ಯಾಮಿನ ಫೋನ್ ಕೊಟ್ಟರೆ ಸಾಕಲ್ಲವೇ ಎನ್ನಬಹುದು. ಕೊಡಲಿ, ತೊಂದರೆ ಕಡಿಮೆಯಾಗುತ್ತದೆ. ಆದರೆ ಬ್ಯಾಟರಿ ಮುಗಿದು ಫೋನ್ ಆಫ್ ಆದರೆ ಎಷ್ಟು ರ‍್ಯಾಮ್ ಇದ್ದರೂ ಸ್ಲೇಟು ಖಾಲಿಯೇ. ಜಾಹೀರಾತಿನ ‘ವರ್ಚುವಲ್ ರ‍್ಯಾಮ್’ ಕೂಡ ಸ್ಟೋರೇಜಿನಿಂದ ಸಾಲ ತಂದ ಜಾಗ. ಅದು ನಿಜವಾದ ರ‍್ಯಾಮಿಗಿಂತ ಬಹಳ ನಿಧಾನ.

ಆದ್ದರಿಂದ ಸರ್ಕಾರ ಆ್ಯಪ್ ಮಾಡಿಸುವಾಗ ಟೆಂಡರಿನಲ್ಲೇ ಎರಡು ಷರತ್ತು ಹಾಕಲಿ. ಒಂದು, ಪ್ರತಿ ಕಾಲಂ ತುಂಬಿದ ಕೂಡಲೇ ಅದು ಫೋನಿನ ಸ್ಟೋರೇಜಿಗೆ ಇಳಿಯಬೇಕು, ನೆಟ್‌ವರ್ಕ್ ಇರಲಿ ಬಿಡಲಿ. ಎರಡು, ‘ಫೋನಿನಲ್ಲಿ ಉಳಿದಿದೆ’, ‘ಸರ್ವರಿಗೆ ತಲುಪಿದೆ’ ಎಂದು ಕನ್ನಡದಲ್ಲಿ ಬೇರೆಬೇರೆಯಾಗಿ ತೋರಿಸಬೇಕು. ಕಡಿಮೆ ರ‍್ಯಾಮಿನ ಫೋನಿನಲ್ಲಿ, ಕ್ಯಾಮೆರಾ ತೆರೆದು ಮುಚ್ಚಿ ಪರೀಕ್ಷಿಸಿದ ಮೇಲಷ್ಟೇ ಬಿಲ್ ಪಾಸಾಗಲಿ.

ಆಶಾ ಕಾರ್ಯಕರ್ತೆಯ ಪ್ರೋತ್ಸಾಹಧನ ಮಾಡಿದ ಕೆಲಸದ ಲೆಕ್ಕದ ಮೇಲೆ ನಿಂತಿದೆ. ಬಿಸಿಲಲ್ಲಿ ಮನೆಮನೆ ಸುತ್ತಿದ ದಿನವೊಂದು ರ‍್ಯಾಮಿನಲ್ಲೇ ಕರಗಿಹೋದರೆ, ಆ ನಷ್ಟವನ್ನು ಅವಳ ತಲೆಗೆ ಕಟ್ಟುವುದು ನ್ಯಾಯವಲ್ಲ.