ಲಂಟಾನದ ಕುರ್ಚಿ

ನಮ್ಮ ತಾಳವಾಡಿ ಕಡೆಯ ಕಾಡಂಚಿಗೆ ಬಂದರೆ ಕಣ್ಣಿಗೆ ಬೀಳುವುದು ಲಂಟಾನವೇ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಅಂದಕ್ಕೆಂದು ಕಲ್ಕತ್ತೆಯ ತೋಟಕ್ಕೆ ತಂದದ್ದು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಡೆ ಬಿತ್ತಿದವು. ಅದರ ಪೊದೆಯಡಿ ಹುಲ್ಲು ಏಳುವುದಿಲ್ಲ. ಮೇವಿಲ್ಲದೆ ಅದರ ಎಲೆಯನ್ನೇ ತಿಂದ ದನಕ್ಕೆ ಪಿತ್ತಜನಕಾಂಗ ಕೆಟ್ಟು ಕಾಮಾಲೆ ಬರುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಮೂಕಪ್ರಾಣಿ, ಯಾರಿಗೆ ಹೇಳೀತು?

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಾಗಿಸಿ ಕುರ್ಚಿ ಮಾಡುತ್ತಾರೆ. ಗೆದ್ದಲಿನ ಭಯ ಕಡಿಮೆ. ನನ್ನ ಗಲ್ಲಾಪೆಟ್ಟಿಗೆಯ ಹಿಂದೆಯೂ ಒಂದಿದೆ. 2021ರಲ್ಲಿ ಲಂಟಾನದ ಆನೆಗಳು ಲಂಡನ್ನಿನ ಉದ್ಯಾನಗಳವರೆಗೂ ಹೋದವು!

ವ್ಯಾಪಾರಿಗೆ ಮಾತ್ರ ಹೊಳೆಯುವ ಅನುಮಾನವೊಂದಿದೆ. ಗಿರಾಕಿ ಹೆಚ್ಚಿದರೆ ಕಡ್ಡಿ ಕೊಯ್ದು ಬುಡವನ್ನು ಮುಂದಿನ ವರ್ಷಕ್ಕೆ ಉಳಿಸುವ ಆಸೆ ಹುಟ್ಟೀತು. ಬುಡ ಉಳಿದರೆ ಪೊದೆ ಮತ್ತೆ ಚಿಗುರುತ್ತದೆ. ಕುರ್ಚಿ ಕೊಳ್ಳುವಾಗ ಬೆಲೆಯ ಜೊತೆಗೆ, ಬೇರು ಸಹಿತ ಕಿತ್ತಿರಾ ಎಂದೂ ಕೇಳಿ.